ಒಡೆದ ಪೈಪನ್ನು ಎಸೆಯಬೇಡಿ

ಮನೆಯ ಯಂತ್ರ ಕೆಟ್ಟರೆ ಮೆಕ್ಯಾನಿಕ್ ಬರುತ್ತಾನೆ. ಆದರೆ ಯಂತ್ರದಿಂದ ಮನೆಯೇ ಕೆಟ್ಟರೆ ಯಾರು ಬರಬೇಕು?

ಬಟ್ಟೆ ಒಗೆಯುವ ವಾಷಿಂಗ್ ಮಷಿನ್, ಸ್ನಾನದ ಮನೆಯ ಗೀಸರ್, ಅಡುಗೆಮನೆಯ ಗೋಡೆಗೆ ತೂಗುಹಾಕಿದ ನೀರು ಶುದ್ಧೀಕರಿಸುವ ಯಂತ್ರ, ಈ ಮೂರೂ ಇಂದು ಸಣ್ಣ ಊರುಗಳ ಮನೆಗಳಿಗೂ ಬಂದಿವೆ. ಇವು ಮೂರಕ್ಕೂ ಒಂದು ಸಾಮ್ಯವಿದೆ. ಹಗಲೂ ರಾತ್ರಿ ಒತ್ತಡದಲ್ಲಿರುವ ನೀರಿನ ಕೊಳವೆಗೆ ಇವು ಅಂಟಿಕೊಂಡಿರುತ್ತವೆ. ಮನೆಯವರು ಮದುವೆಗೆಂದು ಊರಿಗೆ ಹೋದಾಗಲೋ, ಮಧ್ಯರಾತ್ರಿ ಎಲ್ಲರೂ ಮಲಗಿರುವಾಗಲೋ ಆ ಕೊಳವೆ ಬಿರಿದರೆ, ಬೆಳಿಗ್ಗೆ ಕಾಣುವುದು ಮನೆಯಲ್ಲ, ಕೆರೆ. ಪ್ಲೈವುಡ್ ಬೀರುವಿನ ಕಾಲು ಉಬ್ಬಿರುತ್ತದೆ, ಹಾಸಿಗೆ ನೀರು ಕುಡಿದಿರುತ್ತದೆ. ನೆಲದ ಮೇಲಿಟ್ಟಿದ್ದ ಶಾಲೆಯ ಚೀಲದಲ್ಲಿ ಎಸ್ಸೆಸ್ಸೆಲ್ಸಿ ಓದುವ ಮಗಳ ವರ್ಷವಿಡೀ ಬರೆದ ನೋಟ್ಸು ಮುದ್ದೆಯಾಗಿರುತ್ತದೆ.

ಆಗ ಸಾಮಾನ್ಯವಾಗಿ ನಡೆಯುವುದು ಹೀಗೆ. ಮನೆಯವರು ಕಂಪನಿಗೆ ಫೋನ್ ಮಾಡುತ್ತಾರೆ. ಹುಡುಗನೊಬ್ಬ ಬಂದು ಒಡೆದ ಪೈಪನ್ನು ಬಿಚ್ಚಿ, ಹೊಸದನ್ನು ಹಾಕಿ, ಹಳೆಯದನ್ನು ಚೀಲಕ್ಕೆ ಹಾಕಿಕೊಂಡು ಹೋಗುತ್ತಾನೆ. ಗ್ಯಾರಂಟಿ ಇದ್ದರೆ ಪೈಪಿನ ಬೆಲೆ ಕೇಳುವುದಿಲ್ಲ. ಮನೆಯವರು ಅಷ್ಟಕ್ಕೇ ಸಮಾಧಾನಪಟ್ಟುಕೊಳ್ಳುತ್ತಾರೆ. ಬೀರು, ಹಾಸಿಗೆ, ಗೋಡೆ, ಪುಸ್ತಕಗಳ ನಷ್ಟ 'ನಮ್ಮ ಹಣೆಬರಹ' ಎಂಬ ಖಾತೆಗೆ ಸೇರುತ್ತದೆ.

ಇದು ಹಣೆಬರಹವಲ್ಲ. ಯಂತ್ರಕ್ಕೆ ಆದ ಹಾನಿ ಬೇರೆ, ಯಂತ್ರದಿಂದ ಆದ ಹಾನಿ ಬೇರೆ. ಮೊದಲನೆಯದಕ್ಕೆ ಗ್ಯಾರಂಟಿ ಕಾರ್ಡು ಉತ್ತರ ಹೇಳುತ್ತದೆ. ಎರಡನೆಯದಕ್ಕೆ ದೇಶದ ಕಾಯ್ದೆ ಉತ್ತರ ಹೇಳುತ್ತದೆ. ಆದರೆ ಆ ಉತ್ತರವನ್ನು ಪಡೆಯಬೇಕಾದರೆ ಪುರಾವೆ ಬೇಕು. ಮೆಕ್ಯಾನಿಕ್ ಚೀಲದಲ್ಲಿ ಹೋದದ್ದು ಆ ಪುರಾವೆಯೇ!

ನೀರಿನ ಲೆಕ್ಕ

ಒಂದು ಸಣ್ಣ ಪೈಪು ಇಷ್ಟೊಂದು ಅನಾಹುತ ಮಾಡೀತೇ ಎಂದು ಕೆಲವರು ಕೇಳುವುದುಂಟು. ಇದಕ್ಕೆ ಏಳನೆಯ ತರಗತಿಯ ಗಣಿತ ಸಾಕು.

ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಎತ್ತರ ನಿಂತ ನೀರು ಎಂದರೆ ಸರಿಯಾಗಿ ಒಂದು ಲೀಟರ್. ಮಳೆಯನ್ನು ಮಿಲಿಮೀಟರಿನಲ್ಲಿ ಅಳೆಯುವಾಗಲೂ ಇದೇ ಲೆಕ್ಕ. ನಾಲ್ಕು ಮೀಟರ್ ಉದ್ದ, ಮೂರು ಮೀಟರ್ ಅಗಲದ ಕೋಣೆಯಲ್ಲಿ ಒಂದು ಸೆಂಟಿಮೀಟರ್ ನೀರು ನಿಲ್ಲಲು 120 ಲೀಟರ್ ಸಾಕು. ನಿಮ್ಮ ಮನೆಯ ನಲ್ಲಿಯ ಕೆಳಗೆ 15 ಲೀಟರಿನ ಬಕೆಟ್ ಇಟ್ಟು, ತುಂಬಲು ಎಷ್ಟು ಹೊತ್ತು ಬೇಕೆಂದು ಗಡಿಯಾರ ನೋಡಿ. ಒಂದೂವರೆ ನಿಮಿಷ ಹಿಡಿದರೆ, ನಿಮಿಷಕ್ಕೆ 10 ಲೀಟರ್ ನೀರು ಬರುತ್ತಿದೆ ಎಂದಾಯಿತು. ಕೊಳವೆ ಪೂರ್ತಿ ಕಳಚಿಕೊಂಡು ಇದೇ ವೇಗದಲ್ಲಿ ಸುರಿದರೆ ಆ ಕೋಣೆಯಲ್ಲಿ ಬೆರಳಗಲ ನೀರು ನಿಲ್ಲಲು ಕಾಲು ಗಂಟೆಯೂ ಬೇಡ. ಸ್ವಂತ ಮನೆಯಾದರೆ 1,000 ಲೀಟರಿನ ತೊಟ್ಟಿ ಒಂದು ಗಂಟೆ ನಲವತ್ತು ನಿಮಿಷಕ್ಕೆ ಬರಿದಾಗಿ ನೀರು ತಾನಾಗಿ ನಿಲ್ಲುತ್ತದೆ. ಎಲ್ಲರಿಗೂ ಸೇರಿದ ದೊಡ್ಡ ತೊಟ್ಟಿಯಿರುವ ಅಪಾರ್ಟ್‌ಮೆಂಟಿನಲ್ಲಿ ಆ ಮಿತಿಯೂ ಇಲ್ಲ. ರಾತ್ರಿ ಹನ್ನೊಂದರಿಂದ ಬೆಳಿಗ್ಗೆ ಐದರವರೆಗೆ 3,600 ಲೀಟರ್!

ಈ ಲೆಕ್ಕ ಕೇವಲ ಕುತೂಹಲಕ್ಕಲ್ಲ. 'ಇಷ್ಟು ಹಾನಿ ಆ ಪೈಪಿನಿಂದ ಆಗಲು ಸಾಧ್ಯವೇ ಇಲ್ಲ' ಎಂದು ಎದುರು ಪಕ್ಷದವರು ವಾದಿಸಿದಾಗ ಇದೇ ಬಕೆಟ್ ಲೆಕ್ಕ ನಿಮ್ಮ ನೆರವಿಗೆ ಬರುತ್ತದೆ.

ಕೊಳವೆ ಒಡೆಯುವುದೇಕೆ?

ನೀರಿನ ಒತ್ತಡ ಅದರ ಎತ್ತರವನ್ನು ಅವಲಂಬಿಸಿದೆ. ತೊಟ್ಟಿಯ ನೀರಿನ ಮಟ್ಟ ನಲ್ಲಿಗಿಂತ 10 ಮೀಟರ್ ಮೇಲಿದ್ದರೆ ನಲ್ಲಿಯಲ್ಲಿ ಸುಮಾರು ಒಂದು ಬಾರ್ ಒತ್ತಡವಿರುತ್ತದೆ. ಅಂದರೆ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು ಒಂದು ಕಿಲೋಗ್ರಾಂ ಭಾರ ಕುಳಿತಂತೆ. ಹತ್ತು ಮಹಡಿಯ ಕಟ್ಟಡದ ಕೆಳಮನೆಗಳಲ್ಲಿ ಇದು ಮೂರು ಬಾರ್ ಆದೀತು. ಪ್ರೆಷರ್ ಪಂಪ್ ಜೋಡಿಸಿದ್ದರೆ ಇನ್ನೂ ಹೆಚ್ಚು. ಯಂತ್ರದ ಜೊತೆ ಕೊಡುವ ಕೈಪಿಡಿಯಲ್ಲಿ ನೀರಿನ ಒತ್ತಡ ಎಷ್ಟರಿಂದ ಎಷ್ಟರವರೆಗೆ ಇರಬಹುದೆಂದು ಅಚ್ಚು ಮಾಡಿರುತ್ತಾರೆ. ನಿಮ್ಮ ಮನೆಯ ಒತ್ತಡ ಆ ಮಿತಿಯೊಳಗೆ ಇತ್ತೇ ಎಂಬುದು ಮುಂದೆ ಮುಖ್ಯ ಪ್ರಶ್ನೆಯಾಗುತ್ತದೆ.

ಇನ್ನೊಂದು ಒತ್ತಡವೂ ಇದೆ. ವಾಷಿಂಗ್ ಮಷಿನ್ ನೀರು ತುಂಬಿಕೊಂಡು ನಿಲ್ಲಿಸುವಾಗ 'ಠಕ್' ಎಂಬ ಸದ್ದು ಕೇಳಿದ್ದೀರಾ? ಓಡುತ್ತಿರುವ ನೀರಿನ ದಾರಿಯನ್ನು ವಿದ್ಯುತ್ ಕವಾಟ ಥಟ್ಟನೆ ಮುಚ್ಚಿದಾಗ, ನೀರು ತನ್ನ ಜಡತ್ವದಿಂದ ಕೊಳವೆಗೆ ಗುದ್ದುವ ಸದ್ದು ಅದು. ರಷ್ಯದ ವಿಜ್ಞಾನಿ ಜುಕೋವ್ಸ್ಕಿ 1890ರ ದಶಕದ ಕೊನೆಯಲ್ಲಿ ಮಾಸ್ಕೋ ನಗರದ ನೀರಿನ ಕೊಳವೆಗಳಲ್ಲಿ ಪ್ರಯೋಗ ನಡೆಸಿ ಈ ಗುದ್ದನ್ನು ಲೆಕ್ಕಕ್ಕೆ ತಂದ. ಗಡುಸಾದ ಲೋಹದ ಕೊಳವೆಯಲ್ಲಿ ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಹರಿಯುವ ನೀರನ್ನು ಒಮ್ಮೆಲೇ ತಡೆದರೆ ಕ್ಷಣಕಾಲ ಸುಮಾರು 12 ಬಾರ್ ಒತ್ತಡ ಏಳುತ್ತದೆ. ರಬ್ಬರ್ ಕೊಳವೆ ಹಿಗ್ಗುವುದರಿಂದ ಅದರಲ್ಲಿ ಗುದ್ದು ಕಡಿಮೆ. ಆದರೆ ಪ್ರತಿ ಬಾರಿ ಬಟ್ಟೆ ಒಗೆಯುವಾಗಲೂ ಇದು ಹಲವು ಸಲ ಮರುಕಳಿಸುತ್ತದೆ. ಒಳ್ಳೆಯ ಕೊಳವೆ ಇದನ್ನು ವರ್ಷಗಟ್ಟಲೆ ತಾಳಿಕೊಳ್ಳಬೇಕು. ತಾಳುವಂತೆ ತಯಾರಿಸುವುದು ತಯಾರಕರ ಕೆಲಸ.

ಗೀಸರಿನ ಕಥೆ ಬೇರೆ. 15 ಲೀಟರ್ ನೀರನ್ನು 25 ಡಿಗ್ರಿಯಿಂದ 65 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಅದು ಸುಮಾರು ಕಾಲು ಲೀಟರಿನಷ್ಟು ಹಿಗ್ಗುತ್ತದೆ. ಆ ಕಾಲು ಲೀಟರಿಗೆ ಹೋಗಲು ದಾರಿ ಬೇಕಲ್ಲವೇ? ಅದಕ್ಕೆಂದೇ ಗೀಸರಿಗೆ ಸುರಕ್ಷಾ ಕವಾಟ ಇರುತ್ತದೆ. ಕವಾಟದಿಂದ ಆಗೀಗ ನೀರು ತೊಟ್ಟಿಕ್ಕುವುದನ್ನು ಕಂಡು ಕೆಲವರು ಅದಕ್ಕೆ ಬಿರಡೆ ಜಡಿಯುತ್ತಾರೆ. ಇದು ಕುಕ್ಕರಿನ ಸೀಟಿಯನ್ನು ಕಟ್ಟಿಹಾಕಿದಂತೆ, ಬಹಳ ಅಪಾಯಕರ. ಇನ್ನು ಗಡಸು ನೀರಿನ ಪ್ರದೇಶಗಳಲ್ಲಿ ಗೀಸರಿನ ಒಳಗೆ ಸುಣ್ಣದ ಪದರ ಕಟ್ಟುವುದು, ತೊಟ್ಟಿ ತುಕ್ಕು ಹಿಡಿದು ತೂತಾಗುವುದು ಉಂಟು. ತುಕ್ಕು ತಡೆಯಲು ಒಳಗಿಟ್ಟಿರುವ ಮೆಗ್ನೀಸಿಯಂ ಸಲಾಕೆ ತಾನು ಸವೆದು ತೊಟ್ಟಿಯನ್ನು ಕಾಯುತ್ತದೆ. ಸಲಾಕೆ ಮುಗಿದರೆ ತೊಟ್ಟಿಯ ಸರದಿ.

ಹೀಗೆ ನೋಡಿದರೆ ಒಂದು ಕೊಳವೆ ಒಡೆಯಲು ಮೂರು ಬಗೆಯ ಕಾರಣಗಳಿರಬಹುದು. ಒಂದು, ವಸ್ತುವೇ ದೋಷದ್ದು: ರಬ್ಬರು ಕಳಪೆ, ಅಚ್ಚಿನಲ್ಲಿ ಗುಳ್ಳೆ, ಲೋಹದ ಬಳೆ ಸರಿಯಾಗಿ ಕಚ್ಚಿಲ್ಲ. ಎರಡು, ಜೋಡಿಸಿದವರ ದೋಷ: ವಾಷರ್ ಹಾಕಿಲ್ಲ, ಇಲ್ಲವೇ ಪ್ಲಾಸ್ಟಿಕ್ ನಟ್ಟನ್ನು ಪಾನಾ ಹಿಡಿದು ಅತಿಯಾಗಿ ಬಿಗಿದಿದ್ದಾರೆ. ಅತಿಯಾಗಿ ಬಿಗಿದ ಪ್ಲಾಸ್ಟಿಕ್ ಅಂದೇ ಒಡೆಯುವುದಿಲ್ಲ. ಮರೆಯ ಎಳೆತದಲ್ಲೇ ಇದ್ದು ತಿಂಗಳುಗಳ ಮೇಲೆ ಬಿರಿಯುತ್ತದೆ. ಮೂರು, ಬಳಸಿದವರ ದೋಷ: ಕೊಳವೆಯನ್ನು ಗೋಡೆಗೆ ಒತ್ತಿ ಮಡಿಸಿದ್ದಾರೆ, ಕೈಪಿಡಿ ಹೇಳಿದ ಕಾಲಕ್ಕೆ ಬದಲಿಸಿಲ್ಲ, ಬೀದಿಬದಿಯ ಅಂಗಡಿಯ ಅಗ್ಗದ ಪೈಪು ತಂದು ಹಾಕಿದ್ದಾರೆ.

ಈ ಮೂರರಲ್ಲಿ ಯಾವುದು? ಇಡೀ ಪರಿಹಾರದ ಪ್ರಶ್ನೆ ನಿಂತಿರುವುದು ಇದರ ಮೇಲೆ. ಇದಕ್ಕೆ ಉತ್ತರ ಬಾಯಿಮಾತಿನಲ್ಲಿಲ್ಲ, ಒಡೆದ ತುಂಡಿನಲ್ಲಿದೆ.

ಬಸವನಹುಳುವಿನ ಮೊಕದ್ದಮೆ

ಅಂಗಡಿಯಿಂದ ತಂದ ವಸ್ತುವಿಗೆ ಎಲ್ಲೋ ದೂರದ ಕಾರ್ಖಾನೆಯವನು ಹೊಣೆಯಾಗುವನೇ ಎಂಬ ಪ್ರಶ್ನೆ ಹೊಸದಲ್ಲ. ಇದರ ಪ್ರಸಿದ್ಧ ಮೊಕದ್ದಮೆ ಸ್ಕಾಟ್ಲೆಂಡಿನದು. 1928ರ ಆಗಸ್ಟ್ ತಿಂಗಳಲ್ಲಿ ಪೇಸ್ಲಿ ಎಂಬ ಊರಿನ ಹೋಟೆಲಿನಲ್ಲಿ ಮೇ ಡೊನಹ್ಯೂ ಎಂಬ ಮಹಿಳೆಗೆ ಆಕೆಯ ಗೆಳತಿ ಶುಂಠಿ ಪಾನೀಯ ಕೊಡಿಸಿದಳು. ಬಾಟಲಿ ಬಣ್ಣದ್ದು, ಒಳಗೇನಿದೆ ಎಂದು ಕಾಣುವಂತಿರಲಿಲ್ಲ. ಅರ್ಧ ಕುಡಿದು ಉಳಿದದ್ದನ್ನು ಬಗ್ಗಿಸಿದಾಗ ಕೊಳೆತ ಬಸವನಹುಳು ಹೊರಬಿತ್ತು ಎಂದು ಆಕೆಯ ದೂರು. ದುಡ್ಡು ಕೊಟ್ಟವಳು ಗೆಳತಿ, ಕಾಯಿಲೆ ಬಿದ್ದವಳು ಈಕೆ. ಈಕೆಗೂ ತಯಾರಕನಿಗೂ ಯಾವ ಕರಾರೂ ಇರಲಿಲ್ಲ. ಆದರೂ 1932ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್, ಬಳಸುವವರ ಬಗ್ಗೆ ತಯಾರಕನಿಗೆ ಎಚ್ಚರಿಕೆಯ ಹೊಣೆ ಉಂಟು ಎಂದು ತೀರ್ಪು ಕೊಟ್ಟಿತು. ಮುಂದೆ ಅನೇಕ ದೇಶಗಳ ನ್ಯಾಯಾಲಯಗಳು ಈ ತತ್ವವನ್ನು ಒಪ್ಪಿಕೊಂಡವು.

ಈ ಕಥೆಯಲ್ಲಿ ಒಂದು ಸ್ವಾರಸ್ಯವಿದೆ. ಆ ತೀರ್ಪು ಬಂದದ್ದು ತತ್ವದ ಪ್ರಶ್ನೆಯ ಮೇಲೆ ಮಾತ್ರ. ಆಮೇಲೆ ತಯಾರಕ ತೀರಿಕೊಂಡ, ಮೊಕದ್ದಮೆ ರಾಜಿಯಲ್ಲಿ ಮುಗಿಯಿತು. ಬಾಟಲಿಯಲ್ಲಿ ಬಸವನಹುಳು ನಿಜಕ್ಕೂ ಇತ್ತೇ ಎಂಬುದು ವಿಚಾರಣೆಯಲ್ಲಿ ಸಾಬೀತಾಗಲೇ ಇಲ್ಲ! ನಮ್ಮ ನಿಮ್ಮ ದೂರಿಗೆ ಆ ಅದೃಷ್ಟವಿಲ್ಲ. ತತ್ವ ಈಗ ಕಾಯ್ದೆಯಲ್ಲೇ ಇದೆ. ನಾವು ತೋರಿಸಬೇಕಾದದ್ದು ಬಸವನಹುಳುವನ್ನೇ.

ನಮ್ಮ ಕಾಯ್ದೆ ಏನು ಹೇಳುತ್ತದೆ?

ನಮ್ಮ ದೇಶದಲ್ಲಿ ಗ್ರಾಹಕರ ಸಂರಕ್ಷಣಾ ಕಾಯ್ದೆ ಮೊದಲು ಬಂದದ್ದು 1986ರಲ್ಲಿ. ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿದ್ದ ಡಿಸೆಂಬರ್ 24ನ್ನು ಇಂದಿಗೂ ರಾಷ್ಟ್ರೀಯ ಗ್ರಾಹಕರ ದಿನವೆಂದು ಶಾಲೆಗಳಲ್ಲಿ ಆಚರಿಸುತ್ತೇವೆ. ಅದರ ಜಾಗಕ್ಕೆ ಬಂದ 2019ರ ಹೊಸ ಕಾಯ್ದೆ 2020ರ ಜುಲೈನಲ್ಲಿ ಜಾರಿಯಾಯಿತು. ಹಿಂದೆ ಜಿಲ್ಲಾ ವೇದಿಕೆ ಎನ್ನುತ್ತಿದ್ದುದು ಈಗ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ.

ಹೊಸ ಕಾಯ್ದೆಯ ಆರನೆಯ ಅಧ್ಯಾಯ, ಅಂದರೆ 82ರಿಂದ 87ನೇ ಕಲಮುಗಳು, 'ಉತ್ಪನ್ನದ ಹೊಣೆಗಾರಿಕೆ'ಗೇ ಮೀಸಲು. ದೋಷವಿರುವ ವಸ್ತುವಿನಿಂದ ಗ್ರಾಹಕನಿಗೆ ಹಾನಿಯಾದರೆ ತಯಾರಕ, ಮಾರಾಟಗಾರ ಅಥವಾ ಸೇವೆ ನೀಡಿದವನ ಮೇಲೆ ಪರಿಹಾರ ಕೇಳಬಹುದು. ಇಲ್ಲಿ 'ಹಾನಿ' ಎಂಬ ಮಾತಿಗೆ ಕಾಯ್ದೆ ಕೊಟ್ಟ ಅರ್ಥವನ್ನು ಗಮನಿಸಿ: ಆ ವಸ್ತುವನ್ನು ಬಿಟ್ಟು ಬೇರೆ ಆಸ್ತಿಗೆ ಆದ ನಷ್ಟ, ದೇಹಕ್ಕೆ ಆದ ಗಾಯ, ಅವುಗಳ ಜೊತೆಗೆ ಬರುವ ಮಾನಸಿಕ ಯಾತನೆ. ಉಬ್ಬಿದ ಬೀರು, ಹಾಳಾದ ಹಾಸಿಗೆ, ಕಲೆ ಬಿದ್ದ ಗೋಡೆ ಇಲ್ಲಿಗೇ ಸೇರುತ್ತವೆ. ಕೆಟ್ಟ ಯಂತ್ರದ ರಿಪೇರಿ, ಬದಲಾವಣೆ, ಬೆಲೆ ವಾಪಸಾತಿ ಈ ಅಧ್ಯಾಯಕ್ಕೆ ಸೇರದಿದ್ದರೂ ಅದೇ ಕಾಯ್ದೆಯ ಅಡಿಯಲ್ಲಿ ದೋಷದ ದೂರಾಗಿ ಕೇಳಲು ಅವಕಾಶವಿದೆ.

ತಯಾರಕ ಯಾವಾಗ ಹೊಣೆ? 84ನೇ ಕಲಮು ಐದು ಸಂದರ್ಭಗಳನ್ನು ಹೇಳುತ್ತದೆ. ತಯಾರಿಕೆಯಲ್ಲಿ ದೋಷ, ವಿನ್ಯಾಸದಲ್ಲಿ ದೋಷ, ನಿಗದಿತ ಪ್ರಮಾಣಗಳಿಂದ ದೂರ ಸರಿದಿರುವುದು, ಕೊಟ್ಟ ಭರವಸೆಗೆ ತಕ್ಕಂತೆ ಇಲ್ಲದಿರುವುದು, ಬಳಕೆಯ ಸೂಚನೆಯನ್ನೋ ಎಚ್ಚರಿಕೆಯನ್ನೋ ಸಾಕಷ್ಟು ಕೊಡದಿರುವುದು. ಜೋಡಿಸುವ ಕೆಲಸದಲ್ಲಿ ಲೋಪವಾಗಿದ್ದರೆ ಸೇವೆ ನೀಡಿದವರು ಉತ್ತರಿಸಬೇಕು. ಅಂಗಡಿಯವನು ಎಲ್ಲ ಸಂದರ್ಭದಲ್ಲೂ ಹೊಣೆಯಲ್ಲ. ಆದರೆ ವಸ್ತುವನ್ನು ತಾನೇ ಬದಲಿಸಿದ್ದರೆ, ತಾನೇ ಬೇರೆ ಭರವಸೆ ಕೊಟ್ಟಿದ್ದರೆ, ಜೋಡಿಸುವಾಗ ಎಚ್ಚರ ತಪ್ಪಿದ್ದರೆ, ಅಥವಾ ತಯಾರಕ ಯಾರೆಂದೇ ತಿಳಿಯದಿದ್ದರೆ ಅವನನ್ನೂ ಕೇಳಬಹುದು. ಯಾರ ತಪ್ಪೆಂದು ಮೊದಲ ದಿನವೇ ಗೊತ್ತಾಗದಿದ್ದಾಗ ಮೂವರನ್ನೂ ದೂರಿನಲ್ಲಿ ಎದುರುದಾರರನ್ನಾಗಿ ಸೇರಿಸುವುದು ಲೇಸು.

ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಬೇಕು. ವಸ್ತುವನ್ನು ದುರ್ಬಳಕೆ ಮಾಡಿದ್ದರೆ, ಬದಲಾಯಿಸಿದ್ದರೆ ಮಾರಾಟಗಾರನ ಮೇಲಿನ ಹೊಣೆ ನಿಲ್ಲುವುದಿಲ್ಲ. ಯಾರಿಗೂ ತಿಳಿದಿರುವಂಥ ಅಪಾಯವನ್ನು ತಯಾರಕ ಬರೆದು ಎಚ್ಚರಿಸಲಿಲ್ಲ ಎಂದು ದೂರುವಂತೆಯೂ ಇಲ್ಲ. ಗೀಸರಿನ ಕವಾಟಕ್ಕೆ ಬಿರಡೆ ಜಡಿದವರು ಪರಿಹಾರ ಕೇಳಿದರೆ ಕೈಗೆ ಏನೂ ಬರಲಾರದು.

ಕೆಲವು ಗ್ಯಾರಂಟಿ ಕಾರ್ಡುಗಳಲ್ಲಿ 'ಇತರ ಯಾವುದೇ ನಷ್ಟಕ್ಕೆ ಕಂಪನಿ ಜವಾಬ್ದಾರಿಯಲ್ಲ' ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಅದನ್ನು ಓದಿ ಎದೆಗುಂದಬೇಕಿಲ್ಲ. ನಾವು ಹೇಳುತ್ತಿರುವ ಹೊಣೆ ಬಂದದ್ದು ಸಂಸತ್ತು ಮಾಡಿದ ಕಾಯ್ದೆಯಿಂದ, ಕಾರ್ಡಿನಿಂದಲ್ಲ. ಗ್ಯಾರಂಟಿಯ ಅವಧಿ ಮುಗಿದಿದೆ ಎಂಬ ಒಂದೇ ಕಾರಣಕ್ಕೂ ಬಾಗಿಲು ಮುಚ್ಚುವುದಿಲ್ಲ. ಆದರೆ ವಸ್ತು ಹಳೆಯದಾದಷ್ಟೂ 'ಇದು ಸವೆತವಲ್ಲ, ದೋಷ' ಎಂದು ತೋರಿಸುವುದು ಕಷ್ಟವಾಗುತ್ತದೆ.

ಮೊದಲ ದಿನದ ಕೆಲಸ

ಎಲ್ಲಕ್ಕಿಂತ ಮೊದಲು ಜೀವ. ನೀರು ಪ್ಲಗ್ ಪಾಯಿಂಟುಗಳನ್ನು ಮುಟ್ಟಿದ್ದರೆ ನೀರಿಗೆ ಕಾಲಿಡಬೇಡಿ. ಮೇನ್ ಸ್ವಿಚ್ ಒಣ ಜಾಗದಲ್ಲಿದ್ದು, ಒಣಗಿದ ನೆಲದ ಮೇಲೆ ನಿಂತು ತಲುಪುವಂತಿದ್ದರೆ ಮಾತ್ರ ಆರಿಸಿ. ಇಲ್ಲವಾದರೆ ವಿದ್ಯುತ್ ಕಂಪನಿಯ 1912ಕ್ಕೆ ಕರೆ ಮಾಡಿ. ಅದಾದ ಮೇಲೆ ನೀರಿನ ಮೂಲವನ್ನು ನಿಲ್ಲಿಸಿ. ತೊಟ್ಟಿಯಿಂದ ಬರುವ ಮುಖ್ಯ ವಾಲ್ವ್ ಎಲ್ಲಿದೆ ಎಂಬುದು ಮನೆಯ ಮಕ್ಕಳಿಗೂ ತಿಳಿದಿರಬೇಕು. ಇದನ್ನು ಇಂದೇ ತೋರಿಸಿಕೊಡಿ.

ಮುಂದಿನದು ವಿಜ್ಞಾನದ ಪ್ರಯೋಗದಂತೆಯೇ. ಪ್ರಯೋಗಶಾಲೆಯಲ್ಲಿ ನಾವು ಮಕ್ಕಳಿಗೆ ಹೇಳುವುದೇನು? ನೋಡಿ, ಅಳೆಯಿರಿ, ಬರೆಯಿರಿ, ಮಾದರಿಯನ್ನು ಕಾಪಾಡಿ. ನೆಲ ಒರೆಸುವ ಮೊದಲು ಪ್ರತಿ ಕೋಣೆಯ ಫೋಟೋ, ವೀಡಿಯೋ ತೆಗೆಯಿರಿ. ಮೊಬೈಲ್ ಎಲ್ಲರ ಕೈಯಲ್ಲೂ ಇರುವುದರಿಂದ ಇದಕ್ಕೆ ಖರ್ಚಿಲ್ಲ. ಮಗನ ಕಂಪಾಸ್ ಪೆಟ್ಟಿಗೆಯ ಅಳತೆಪಟ್ಟಿಯನ್ನು ಗೋಡೆಗೆ ಆನಿಸಿ ನೀರಿನ ಮಟ್ಟ ಕಾಣುವಂತೆ ಒಂದು ಚಿತ್ರ ತೆಗೆಯಿರಿ. ಕೊಳವೆ ಒಡೆದ ಜಾಗವನ್ನು, ಅದು ಯಂತ್ರಕ್ಕೂ ನಲ್ಲಿಗೂ ಸೇರಿಕೊಂಡಿರುವಾಗಲೇ, ಹತ್ತಿರದಿಂದ ಮತ್ತು ದೂರದಿಂದ ತೆಗೆಯಿರಿ. ಯಂತ್ರದ ಹಿಂಬದಿಯ ಮಾದರಿ ಸಂಖ್ಯೆ, ಕ್ರಮಸಂಖ್ಯೆ ಇರುವ ಚೀಟಿಯ ಚಿತ್ರವೂ ಇರಲಿ.

ಇಷ್ಟಾದ ಮೇಲೆ ಕಂಪನಿಗೆ ದೂರು ಕೊಟ್ಟು ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಮೆಕ್ಯಾನಿಕ್ ಬಂದಾಗ ಸೌಜನ್ಯದಿಂದಲೇ ಹೇಳಿ: 'ನೋಡಪ್ಪಾ, ಹೊಸ ಪೈಪು ಹಾಕು. ಹಳೆಯದು ಮಾತ್ರ ನಮ್ಮಲ್ಲೇ ಇರಲಿ.' ಅವನು ಬರೆಯುವ ಜಾಬ್ ಶೀಟಿನಲ್ಲಿ 'ಪೈಪ್ ಬದಲಿಸಿದೆ' ಎಂದಷ್ಟೇ ಇದ್ದರೆ ಸಾಲದು. 'ಪೈಪ್ ಯಂತ್ರದ ಕಡೆಯ ತುದಿಯಲ್ಲಿ ಬಿರಿದಿತ್ತು' ಎಂದು ಕಂಡದ್ದನ್ನು ಬರೆಯಲು ಕೇಳಿ. ನೀವು ಸಹಿ ಹಾಕುವ ಮೊದಲು 'ಬಳಕೆದಾರರ ತಪ್ಪು' ಎಂಬ ಗುರುತೇನಾದರೂ ಇದೆಯೇ ಎಂದು ಓದಿ ನೋಡಿ. ತುಂಡನ್ನು ಪರೀಕ್ಷೆಗೆ ಒಯ್ಯಲೇಬೇಕು ಎಂದು ಕಂಪನಿ ಹೇಳಿದರೆ ಚಿತ್ರ ತೆಗೆದು, ಲಿಖಿತ ಸ್ವೀಕೃತಿ ಪಡೆದು, ಪರೀಕ್ಷೆಯ ವರದಿಯ ಪ್ರತಿ ಕೊಡುವುದಾಗಿ ಬರೆಸಿಕೊಂಡೇ ಕೊಡಿ.

ತುಂಡನ್ನು ತೊಳೆಯಬೇಡಿ, ಉಜ್ಜಬೇಡಿ, ಅಂಟಿಸಲು ಹೋಗಬೇಡಿ. ನೆರಳಿನಲ್ಲಿ ಒಣಗಿಸಿ ಲಕೋಟೆಯಲ್ಲಿಟ್ಟು ದಿನಾಂಕ ಬರೆದು, ನೋಡಿದ ನೆರೆಯವರೊಬ್ಬರ ಸಹಿ ಹಾಕಿಸಿ ಅಂಟಿಸಿಬಿಡಿ. ಬಿರುಕಿನ ಅಂಚು, ದಾರದ ಗುರುತು, ವಾಷರಿನ ಅಚ್ಚು ಇವನ್ನೆಲ್ಲ ತಿಳಿದವರು ಓದಬಲ್ಲರು. ದೋಷವನ್ನು ಪರೀಕ್ಷೆಯಿಲ್ಲದೆ ತೀರ್ಮಾನಿಸಲು ಆಗದಿದ್ದರೆ ಆಯೋಗವೇ ವಸ್ತುವನ್ನು ಪ್ರಯೋಗಾಲಯಕ್ಕೆ ಕಳುಹಿಸಬಹುದು. ಅದರ ಶುಲ್ಕವನ್ನು ದೂರುದಾರರಿಂದ ಮುಂಗಡವಾಗಿ ಕಟ್ಟಿಸಿಕೊಳ್ಳಲೂ ಅವಕಾಶವಿದೆ. ಕಳುಹಿಸಲು ತುಂಡೇ ಇಲ್ಲವಾದರೆ?

ನಷ್ಟದ ಪಟ್ಟಿ

ಪಟ್ಟಿಯನ್ನು ಪ್ರಾಮಾಣಿಕವಾಗಿ ಮಾಡಿ. ವಸ್ತು, ಕೊಂಡ ವರ್ಷ, ಕೊಂಡ ಬೆಲೆ, ಈಗಿನ ಸ್ಥಿತಿ, ರಿಪೇರಿಗೆ ತಗಲುವ ಖರ್ಚು ಎಂದು ಐದು ಅಂಕಣ ಹಾಕಿ. ಬೀರುವಿಗೆ ಬಡಗಿಯಿಂದ, ಗೋಡೆಗೆ ಬಣ್ಣದವರಿಂದ, ಸಾಧ್ಯವಾದರೆ ಇಬ್ಬಿಬ್ಬರಿಂದ ಲಿಖಿತ ಅಂದಾಜು ಪಡೆಯಿರಿ. ಎಂಟು ವರ್ಷ ಬಳಸಿದ ಬೀರುವಿಗೆ ಹೊಸ ಬೀರುವಿನ ಬೆಲೆ ಕೇಳಿದರೆ ಉಳಿದ ಪಟ್ಟಿಯ ಮೇಲೂ ಸಂದೇಹ ಬರುತ್ತದೆ. ಒಣಗಿಸಿ ಉಳಿಸಬಹುದಾದದ್ದನ್ನು ಉಳಿಸುವುದೂ ನಮ್ಮ ಕರ್ತವ್ಯವೇ. ಫೋಟೋ ತೆಗೆದಾಯಿತೆಂದು ಹಾಸಿಗೆಯನ್ನು ನೀರಲ್ಲೇ ಬಿಟ್ಟರೆ ಆ ನಷ್ಟ ಕಂಪನಿಯದಲ್ಲ.

ಹಾನಿ ಅಂದೇ ಮುಗಿಯುವುದಿಲ್ಲ ಎಂಬುದನ್ನೂ ನೆನಪಿಡಿ. ಇಟ್ಟಿಗೆ, ಗಾರೆಗಳ ಸೂಕ್ಷ್ಮ ರಂಧ್ರಗಳಲ್ಲಿ ನೀರು ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ಮೇಲೇರುತ್ತದೆ. ವಾರಗಳ ನಂತರ ಬಣ್ಣ ಸುಲಿದು, ಕರಗಿದ್ದ ಲವಣ ಬಿಳಿಯ ಪುಡಿಯಾಗಿ ಗೋಡೆಯ ಮೇಲೆ ಹೊಮ್ಮುತ್ತದೆ. ಪ್ಲೈವುಡ್ಡಿನ ಅಂಟು ನಿಧಾನವಾಗಿ ಬಿಡುತ್ತದೆ. ಆದ್ದರಿಂದ ಮೊದಲ ದಿನ, ಹದಿನೈದನೆಯ ದಿನ, ಎರಡು ತಿಂಗಳ ನಂತರ ಹೀಗೆ ಅದೇ ಜಾಗದ ಚಿತ್ರಗಳನ್ನು ತೆಗೆದಿಡಿ. 'ಇನ್ನು ಯಾವ ಬಾಕಿಯೂ ಇಲ್ಲ' ಎಂಬ ಕಾಗದಕ್ಕೆ ಮೂರನೆಯ ದಿನವೇ ಸಹಿ ಹಾಕಬೇಡಿ.

ಪತ್ರ, ಆಮೇಲೆ ಆಯೋಗ

ಮೊದಲು ಕಂಪನಿಗೆ ಲಿಖಿತವಾಗಿ ಕೇಳಬೇಕು. ಇಮೇಲ್ ಮತ್ತು ಸ್ಪೀಡ್ ಪೋಸ್ಟ್ ಎರಡರಲ್ಲೂ ಕಳುಹಿಸಿ ರಸೀದಿ ಇಟ್ಟುಕೊಳ್ಳಿ. ಪತ್ರ ಹೀಗಿರಬಹುದು:

'ಮಾನ್ಯರೇ, ನಿಮ್ಮ ತಯಾರಿಕೆಯ ಇಂಥ ಮಾದರಿಯ, ಇಂಥ ಕ್ರಮಸಂಖ್ಯೆಯ ಯಂತ್ರವನ್ನು ಇಂಥ ದಿನ, ಇಂಥ ಅಂಗಡಿಯಲ್ಲಿ ಖರೀದಿಸಿದ್ದೇನೆ. ನಿಮ್ಮ ಸಿಬ್ಬಂದಿಯೇ ಇಂಥ ದಿನ ಜೋಡಿಸಿದರು. ಇಂಥ ದಿನ ರಾತ್ರಿ ನೀರಿನ ಕೊಳವೆ ಯಂತ್ರದ ಕಡೆಯ ತುದಿಯಲ್ಲಿ ಬಿರಿದು ಮನೆಯಲ್ಲಿ ನೀರು ತುಂಬಿತು. ದೂರಿನ ಸಂಖ್ಯೆ ಇಷ್ಟು. ನಷ್ಟದ ಪಟ್ಟಿ, ಅಂದಾಜು, ಚಿತ್ರಗಳನ್ನು ಲಗತ್ತಿಸಿದ್ದೇನೆ. ಒಡೆದ ಭಾಗ ನನ್ನಲ್ಲಿದೆ, ನಿಮ್ಮ ಪ್ರತಿನಿಧಿ ನನ್ನ ಸಮಕ್ಷಮ ಪರಿಶೀಲಿಸಬಹುದು. ಒಟ್ಟು ಇಷ್ಟು ರೂಪಾಯಿ ಪರಿಹಾರವನ್ನು 15 ದಿನಗಳೊಳಗೆ ಕೊಡಬೇಕೆಂದು ಕೋರುತ್ತೇನೆ.'

ಕೋಪದ ಮಾತು ಬೇಡ. ನಾಳೆ ಆಯೋಗದ ಅಧ್ಯಕ್ಷರು ಈ ಪತ್ರವನ್ನು ಓದುತ್ತಾರೆ ಎಂದುಕೊಂಡು ಬರೆಯಿರಿ.

ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕರ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅವರು ಕಂಪನಿಯೊಡನೆ ಮಾತಾಡಿ ರಾಜಿಗೆ ಯತ್ನಿಸುತ್ತಾರೆ, ತೀರ್ಪು ಕೊಡುವ ಅಧಿಕಾರ ಅವರಿಗಿಲ್ಲ. ಅಲ್ಲೂ ಆಗದಿದ್ದರೆ ಜಿಲ್ಲಾ ಆಯೋಗ. 2019ರ ಕಾಯ್ದೆ ತಂದ ದೊಡ್ಡ ಅನುಕೂಲವೆಂದರೆ, ಕಂಪನಿಯ ಕಚೇರಿ ಮುಂಬಯಿಯಲ್ಲಿರಲಿ ದೆಹಲಿಯಲ್ಲಿರಲಿ, ನೀವು ವಾಸಿಸುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು. ವಸ್ತುವಿಗೆ ಕೊಟ್ಟ ಬೆಲೆ 50 ಲಕ್ಷ ರೂಪಾಯಿವರೆಗೆ ಇದ್ದರೆ ಜಿಲ್ಲಾ ಆಯೋಗಕ್ಕೇ ಅಧಿಕಾರ. 5 ಲಕ್ಷದವರೆಗಿನ ವಸ್ತುವಾದರೆ ಶುಲ್ಕವೇ ಇಲ್ಲ. ಮನೆಬಳಕೆಯ ಯಂತ್ರಗಳೆಲ್ಲ ಇದರೊಳಗೇ ಬಂದವು. ವಕೀಲರನ್ನು ಇಡಲೇಬೇಕೆಂಬ ನಿಯಮವಿಲ್ಲ, ನಿಮ್ಮ ದೂರನ್ನು ನೀವೇ ನಡೆಸಬಹುದು. ಅಂತರ್ಜಾಲದ ಮೂಲಕವೂ ಸಲ್ಲಿಸಬಹುದು.

ಗಡುವು ಎರಡು ವರ್ಷ. ದೂರಿಗೆ ಕಾರಣವಾದ ಘಟನೆ ನಡೆದ ದಿನದಿಂದ ಇದನ್ನು ಎಣಿಸಬೇಕು. ಎದುರು ಪಕ್ಷಕ್ಕೆ ಉತ್ತರಿಸಲು 30 ದಿನ, ಆಯೋಗ ಒಪ್ಪಿದರೆ ಇನ್ನೂ 15 ದಿನ. ಪರೀಕ್ಷೆ ಬೇಡದ ದೂರು ಮೂರು ತಿಂಗಳಲ್ಲಿ, ಪರೀಕ್ಷೆ ಬೇಕಾದದ್ದು ಐದು ತಿಂಗಳಲ್ಲಿ ಆದಷ್ಟೂ ಮುಗಿಯಬೇಕೆಂದು ಕಾಯ್ದೆಯ ಆಶಯ. ನಿಜದಲ್ಲಿ ಹೆಚ್ಚು ಕಾಲ ಹಿಡಿಯುವುದುಂಟು. ಹಾಗಾಗಿ ಕಂಪನಿ ಮರ್ಯಾದೆಯ ಮೊತ್ತಕ್ಕೆ ರಾಜಿಯಾಗಲು ಬಂದರೆ ಹಟ ಹಿಡಿಯದೆ ಯೋಚಿಸುವುದು ಒಳ್ಳೆಯದು. ಕಾಯ್ದೆಯೇ ಮಧ್ಯಸ್ಥಿಕೆಗೆ ಅವಕಾಶ ಕಲ್ಪಿಸಿದೆ.

ಕೆಳಗಿನ ಮನೆಯವರ ಪಾಡು

ಅಪಾರ್ಟ್‌ಮೆಂಟಿನಲ್ಲಿ ಇನ್ನೊಂದು ತೊಡಕುಂಟು. ನಿಮ್ಮ ಯಂತ್ರದ ನೀರು ಕೆಳಗಿನ ಮನೆಯ ಚಾವಣಿಯಿಂದ ಸೋರುತ್ತದೆ. ಅವರು ಆ ಯಂತ್ರವನ್ನು ಕೊಂಡವರೂ ಅಲ್ಲ, ಬಳಸಿದವರೂ ಅಲ್ಲ. ಆದ್ದರಿಂದ ಗ್ರಾಹಕರ ಆಯೋಗದ ದಾರಿ ಅವರಿಗೆ ಸುಲಭವಲ್ಲ, ಸಿವಿಲ್ ನ್ಯಾಯಾಲಯದಲ್ಲಿ ಎಚ್ಚರಗೇಡಿತನವನ್ನು ಸಾಧಿಸಬೇಕಾಗುತ್ತದೆ. ಅಷ್ಟು ದೂರ ಹೋಗುವ ಮೊದಲು ಮೆಟ್ಟಿಲಿಳಿದು ಹೋಗಿ 'ಬನ್ನಿ, ಇಬ್ಬರೂ ಸೇರಿ ಪಟ್ಟಿ ಮಾಡೋಣ' ಎನ್ನುವುದು ಮೇಲಿನವರಿಗೆ ಶೋಭೆ. ಅವರಿಗೆ ನೀವು ಕೊಟ್ಟ ಹಣಕ್ಕೆ ರಸೀದಿ ಪಡೆದು ಕಂಪನಿಯಿಂದ ಕೇಳುವ ಪಟ್ಟಿಯಲ್ಲಿ ಬೇರೆಯಾಗಿ ನಮೂದಿಸಬಹುದು. ಆಯೋಗ ಅದನ್ನು ಒಪ್ಪಲೇಬೇಕೆಂದೇನಿಲ್ಲ.

ಮನೆಗೆ ವಿಮೆ ಇದ್ದವರು ಪಾಲಿಸಿಯನ್ನು ತೆಗೆದು ನೋಡಿ. 2021ರ ಏಪ್ರಿಲ್‌ನಿಂದ ಜಾರಿಯಲ್ಲಿರುವ 'ಭಾರತ್ ಗೃಹ ರಕ್ಷಾ' ಎಂಬ ಮಾದರಿ ಪಾಲಿಸಿಯಲ್ಲಿ ನೀರಿನ ತೊಟ್ಟಿ, ಉಪಕರಣ, ಕೊಳವೆಗಳು ಒಡೆದು ಅಥವಾ ತುಂಬಿ ಹರಿದು ಆಗುವ ನಷ್ಟವೂ ಸೇರಿದೆ. ವಿಮೆಯವರು ಹಣ ಕೊಟ್ಟರೆ ನಿಮ್ಮ ಪರವಾಗಿ ಕಂಪನಿಯನ್ನು ಕೇಳುವ ಹಕ್ಕು ಆ ಮಟ್ಟಿಗೆ ಅವರದಾಗುತ್ತದೆ. ಒಂದೇ ನಷ್ಟಕ್ಕೆ ಎರಡು ಕಡೆ ಹಣ ಪಡೆಯುವಂತಿಲ್ಲ.

ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂದು ಗಾದೆ. ಬಾಗಿಲು ಮೊದಲೇ ಹಾಕುವುದು ಕಷ್ಟವೇನಲ್ಲ. ಬಟ್ಟೆ ಒಗೆದಾದ ಕೂಡಲೇ ಯಂತ್ರದ ನಲ್ಲಿ ನಿಲ್ಲಿಸಿ. ಊರಿಗೆ ಹೊರಟಾಗ ಮುಖ್ಯ ವಾಲ್ವ್ ತಿರುಗಿಸಿ. ಆರು ತಿಂಗಳಿಗೊಮ್ಮೆ ಕೊಳವೆಯನ್ನು ಬೆರಳಿನಿಂದ ಸವರಿ ಬಿರುಕು, ಉಬ್ಬು ಇದೆಯೇ ನೋಡಿ. ಗೀಸರನ್ನು ಕೊಳ್ಳುವಾಗ ಐಎಸ್‌ಐ ಗುರುತು ಮತ್ತು ಎಷ್ಟು ಬಾರ್ ತಾಳುತ್ತದೆ ಎಂಬುದನ್ನು ಓದಿ. ಬಿಲ್ಲು, ಗ್ಯಾರಂಟಿ ಕಾರ್ಡು, ಜೋಡಣೆಯ ಚೀಟಿ, ಕೈಪಿಡಿ ನಾಲ್ಕನ್ನೂ ಒಂದೇ ಲಕೋಟೆಯಲ್ಲಿಡಿ. ಬಿಲ್ಲಿನ ಶಾಯಿ ಮಾಸಿಹೋಗುವುದರಿಂದ ಅಂದೇ ಒಂದು ಪ್ರತಿ ತೆಗೆದಿಡಿ.

ವಿದ್ಯಾರ್ಥಿಗಳಿಗೆ ಒಂದು ಮಾತು. ಈ ಕೆಲಸದ ಬಹುಪಾಲನ್ನು ನೀವೇ ಮಾಡಬಲ್ಲಿರಿ. ತೊಟ್ಟಿಯ ಎತ್ತರ ಅಳೆದು ಒತ್ತಡ ಲೆಕ್ಕ ಹಾಕುವುದು, ಬಕೆಟ್ ಇಟ್ಟು ಹರಿವನ್ನು ಅಳೆಯುವುದು, ಲಕೋಟೆ ತಯಾರಿಸುವುದು, ಅಪ್ಪ ಅಮ್ಮ ಗಾಬರಿಯಲ್ಲಿರುವಾಗ ಫೋಟೋ ತೆಗೆದು ಗಂಟೆ ನಿಮಿಷ ಬರೆದಿಡುವುದು. ರೆಕಾರ್ಡ್ ಪುಸ್ತಕದಲ್ಲಿ 'ಉದ್ದೇಶ, ಸಲಕರಣೆ, ವಿಧಾನ, ಅವಲೋಕನ, ತೀರ್ಮಾನ' ಎಂದು ಬರೆಯುವಾಗ ಅದು ಅಂಕಕ್ಕಾಗಿ ಮಾಡುವ ಶಾಸ್ತ್ರವೆಂದು ತೋರುತ್ತದೆ. ಆದರೆ ಅವಲೋಕನವನ್ನು ಬರೆದಿಟ್ಟವನ ಮಾತಿಗೆ ಮಾತ್ರ ನ್ಯಾಯಪೀಠದ ಮುಂದೆ ತೂಕ ಬರುತ್ತದೆ.